ಮಾವನ ಹಕಾರ

ನಮ್ಮ ಸೋದರಮಾವನಿಗೆ ಬಿಪಿ ಇಲ್ಲ, ಶುಗರ್ ಇಲ್ಲ. ಇರುವುದು ವ್ಯಾಕರಣ! ಕಾಯಿಲೆ ಅವರದು, ನರಳುವವರು ಮಾತ್ರ ನಾವು.

ಯಲಹಂಕದ ಅಚ್ಚುಕೂಟವೊಂದರಲ್ಲಿ ಜೀವನವಿಡೀ ಕರಡು ತಿದ್ದಿ ನಿವೃತ್ತರಾದವರು. ಇನ್ನು ತಿದ್ದಲು ಏನೂ ಉಳಿಯಲಿಲ್ಲವಲ್ಲ ಎಂದು ಕೊರಗುತ್ತಿದ್ದಾಗ ಯಾರೋ ಪುಣ್ಯಾತ್ಮರು ಅವರನ್ನು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಸೇರಿಸಿದರು. ಅಲ್ಲಿಗೆ ನಮ್ಮ ನೆಮ್ಮದಿ ಮುಗಿಯಿತು. ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡು, ಬೆವರೊರೆಸುತ್ತಾ 'ಲೇಟಾಗತ್ತೆ' ಎಂದು ಹಾಕಿದರೆ 'ತಡವಾಗುತ್ತದೆ' ಎಂದು ಉತ್ತರ ಬರುತ್ತದೆ. ಹೇಗೆ ಬರೆದರೂ ಆಗುವುದು ತಡವೇ ಅಲ್ಲವೇ ಸ್ವಾಮಿ?

ನನ್ನ ತಮ್ಮನಿಗೆ ಮಗುವಾದಾಗ ಅವನು ಆಸ್ಪತ್ರೆಯಿಂದಲೇ 'ಹೆಣ್ಣು ಮಗು ಹುಟ್ಟಿದಾಳೆ' ಎಂದು ಹಾಕಿದ. ಎಲ್ಲರಿಗಿಂತ ಮೊದಲು ಬಂದದ್ದು ಮಾವನ ಉತ್ತರ: 'ಹುಟ್ಟಿದೆ. ಮಗು ನಪುಂಸಕಲಿಂಗ.'

ತಮ್ಮ ಗಾಬರಿಯಿಂದ ಫೋನ್ ಮಾಡಿದ. "ಮಾವ, ಡಾಕ್ಟ್ರೇ ಹೆಣ್ಣು ಅಂದ್ರು!"

"ಡಾಕ್ಟ್ರಿಗೆ ವ್ಯಾಕರಣ ಗೊತ್ತಿಲ್ಲ ಕಣೋ."

ಇದನ್ನೆಲ್ಲ ಹೇಗೋ ಸಹಿಸಿಕೊಂಡೆವು. ಸಹಿಸಲಾಗದ್ದು ದೊಡ್ಡಮ್ಮನ ವಿಷಯ. ಅವರು ಮಾವನ ಅಕ್ಕ. ಹುಣಸಮಾರನಹಳ್ಳಿಯಲ್ಲಿ ಈಗಲೂ ಹಸು ಸಾಕಿದ್ದಾರೆ. ಹೋದ ವರ್ಷ ಎದೆನೋವೆಂದು ಆಸ್ಪತ್ರೆ ಸೇರಿ ಬಂದ ಮೇಲೆ, ದಿನಾ ಬೆಳಿಗ್ಗೆ ಗುಂಪಿನಲ್ಲಿ ಒಂದೇ ಸಾಲು ಬರೆಯುತ್ತಿದ್ದರು: 'ಆಲು ಕರ್ದಾಯ್ತು. ಉಷಾರಾಗಿವ್ನಿ.' ಅದನ್ನು ಓದಿದ ಮೇಲೆಯೇ ನಮಗೆ ಕಾಫಿ ಗಂಟಲಲ್ಲಿ ಇಳಿಯುತ್ತಿದ್ದುದು. ಒಂದು ದಿನ ಮಾವ ಅದನ್ನೂ ತಿದ್ದಿದರು: 'ಹಾಲು, ಹುಷಾರು. ಹಕಾರ ನುಂಗಬೇಡ ಅಕ್ಕ. ಆಲು ಎಂದರೆ ಆಲೂಗಡ್ಡೆ.'

ಮಾರನೆಯ ದಿನ ಸಾಲು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ನಾನು ಹೆದರಿ ದೊಡ್ಡಮ್ಮನಿಗೆ ಫೋನ್ ಮಾಡಿದೆ.

"ಚೆನ್ನಾಗಿವ್ನಿ ಕಣವ್ವ. ಬರ್ಯಾಕೆ ನಾಚ್ಕೆ ಆಯ್ತದೆ, ಅಷ್ಟೇ. ಅವ್ನಿಗೆ ಮಾತು ಕಲ್ಸ್ದೋಳೇ ನಾನು. ಈಗ ನಂಗೇ 'ಅ' ಬರಲ್ಲ ಅಂತಾನೆ!"

ಬರದಿದ್ದದ್ದು 'ಹ'. ನಗು ಬಂತು, ಹಿಂದೆಯೇ ಅಳುವೂ ಬಂತು. ಅದೇ ಮಾತನ್ನು ಮಾವನಿಗೆ ಹಾಗೆಯೇ ಒಪ್ಪಿಸಿದೆ. "ಗುಂಪಲ್ಲಿ ಈಗ ಒಂದೂ ತಪ್ಪಿಲ್ಲ ಮಾವ. ದೊಡ್ಡಮ್ಮ ಹೆಂಗಿದಾರೆ ಅಂತ್ಲೂ ಗೊತ್ತಾಗಲ್ಲ" ಎಂದೆ.

ಮರುದಿನ ಬೆಳಿಗ್ಗೆ ಗುಂಪಿನಲ್ಲಿ ಮಾವನ ಸಂದೇಶ: 'ಅಕ್ಕಾ, ಆಲು ಕರ್ದಾಯ್ತಾ? ಉಷಾರಾಗಿದೀಯಾ?'

ಕರಡು ತಿದ್ದಿದ ಕೈ, ಒಂದಲ್ಲ ಎರಡು ತಪ್ಪು! ಸೇಡು ತೀರಿಸಿಕೊಳ್ಳಲು ತಮ್ಮ ಟೈಪ್ ಮಾಡುತ್ತಿರುವುದು ಕಾಣಿಸಿತು. ಏನನಿಸಿತೋ, ನಿಲ್ಲಿಸಿಬಿಟ್ಟ.

ಸ್ವಲ್ಪ ಹೊತ್ತಿಗೆ ದೊಡ್ಡಮ್ಮನ ಸಾಲು ಬಂತು: 'ಕರ್ದಾಯ್ತು ಕಣೋ. ನಾನು ಉಷಾರು. ನೀನ್ಯಾಕೆ ತಪ್ಪು ಬರ್ದಿದೀಯ? ಮೈಗೆ ಉಷಾರಿಲ್ವಾ?'