ಎಡಗಡೆಯ ಸೀಟು

ನಮ್ಮ ಮಾಮಾನಷ್ಟು ವೇಗದ ಮನುಷ್ಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲವನ್ನೂ ಜಾಲಾಡಿದರೂ ಸಿಗಲಾರ. ಈ ಮಾತು ಹೇಳಿದವರು ಸ್ವತಃ ಮಾಮಾ. ಊಟಕ್ಕೆ ಬರ್ರಿ ಎಂದು ಕರೆದ ಮೇಲೆ ಅವರು ಬಂದು ತಾಟಿನ ಮುಂದೆ ಕೂಡುವಷ್ಟರಲ್ಲಿ ಬಿಸಿ ರೊಟ್ಟಿ ಒಣಗಿ ಕಟಕ ರೊಟ್ಟಿಯಾಗಿರುತ್ತಿತ್ತು. ಮಿರಜಿನ ಬಸ್ಸು ಅವರ ಕಣ್ಣೆದುರೇ ಹೊರಟುಹೋದದ್ದಕ್ಕೆ ಲೆಕ್ಕವೇ ಇಲ್ಲ. ಇಂಥವರಿಗೆ ವೇಗದ ಹುಚ್ಚು ಹಿಡಿದರೆ ಏನಾಗಬೇಡ!

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಕಾಗವಾಡದಲ್ಲಿ ದ್ರಾಕ್ಷಿ ತೋಟ, ಒಂದಿಷ್ಟು ಕಬ್ಬು. ಹರೆಯದಲ್ಲಿ ಎತ್ತಿನ ಗಾಡಿ ಶರ್ಯತ್ತು ಓಡಿಸಿ ಹೆಸರು ಮಾಡಿದ್ದರು. ಒಮ್ಮೆ ಓಟದ ನಡುವೆ ಅವರ ಎತ್ತೊಂದು ಮುಗ್ಗರಿಸಿ ಮೊಣಕಾಲು ತರಚಿಕೊಂಡಿತು. ಎತ್ತು ವಾರದಲ್ಲಿ ಚೇತರಿಸಿಕೊಂಡಿತು, ಮಾಮಾ ಚೇತರಿಸಿಕೊಳ್ಳಲಿಲ್ಲ. “ಇನ್ನ ಮ್ಯಾಲ ನೋವಾಗದಂಥಾದ್ದನ್ನ ಓಡಸ್ತೀನಿ” ಎಂದು ಗಾಡಿ ಬಿಚ್ಚಿಟ್ಟರು. ನೋವಾಗದಂಥದ್ದು ಯಾವುದು ಎಂದು ಹುಡುಕುವುದರಲ್ಲೇ ವರ್ಷಗಳು ಹೋದವು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಒಬ್ಬ ದ್ರಾಕ್ಷಿ ವ್ಯಾಪಾರಿ ಸುದ್ದಿ ತಂದ. ಸಾಂಗಲಿಯ ಕಡೆ ನಾಲ್ಕೈದು ಶ್ರೀಮಂತರ ಹುಡುಗರು ಹಳೆಯ ವಿಲಾಯತಿ ಕಾರುಗಳನ್ನು ತಂದು, ಖಾಲಿ ಬಯಲಿನಲ್ಲಿ ಸುತ್ತು ಹೊಡೆಯುತ್ತಾರಂತೆ. ಗಡಿಯಾರ ಹಿಡಿದು ಯಾರು ಮೊದಲು ಎಂದು ನೋಡುತ್ತಾರಂತೆ. ಅಂದು ಮಾಮಾ ಊಟಕ್ಕೆ ಬರಲೇ ಇಲ್ಲ.

ಮನೆಯಲ್ಲಿ ಒಪ್ಪಿಗೆ ಕೊಡಬೇಕಾದವರು ಮಾಮಿ. ಅವರು ಬೈಯುತ್ತಾರೆಂದು ನಾವೆಲ್ಲ ಕಾದೆವು. ಅವರು ಬೈಯಲಿಲ್ಲ. ಅದಕ್ಕೊಂದು ಹಳೆಯ ಕಾರಣವಿತ್ತು. ಮಾಮಿಯ ತವರು ಕೃಷ್ಣೆಯ ಹತ್ತಿರದ ದಿಗ್ಗೇವಾಡಿ. ಮದುವೆಯ ಮರುದಿನ ಹೆಣ್ಣನ್ನು ಮೋಟಾರಿನಲ್ಲಿ ಕರೆದೊಯ್ಯುತ್ತೇನೆಂದು ಮಾಮಾ ಊರ ತುಂಬ ಡಂಗುರ ಹೊಡೆದಿದ್ದರು. ಮಾಮಿ ಉಡಿ ತುಂಬಿಸಿಕೊಂಡು ಮುಂಜಾನೆಯಿಂದ ಹೊಸ್ತಿಲಲ್ಲಿ ಕೂತರು. ಮೋಟಾರು ಬರಲಿಲ್ಲ. ಸಂಜೆಗೆ ಕಬ್ಬಿನ ಒಣ ಸೋಗೆ, ಅಂದರೆ ರವದಿ, ಹೇರಿದ ಗಾಡಿಯೊಂದು ಸಿಕ್ಕಿತು. ತಲೆಯ ತುಂಬ ಒಣ ರವದಿ ಸಿಕ್ಕಿಸಿಕೊಂಡು ಹೊಸ ಸೊಸೆ ಕಾಗವಾಡಕ್ಕೆ ಬಂದಿಳಿದರು. ಇಪ್ಪತ್ತೆರಡು ವರ್ಷ ಕಳೆದಿದ್ದರೂ ಅವರು ತವರಿಗೆ ಹೋದಾಗಲೆಲ್ಲ ಅಣ್ಣಂದಿರ ಹೆಂಡಂದಿರು, ಅಂದರೆ ವೈನಿಯರು, ನೀರು ಕೊಡುವ ಮೊದಲು “ಮೋಟಾರ ಬಂತೇನವಾ?” ಎಂದು ಕೇಳುತ್ತಿದ್ದರು.

“ಕಾರ ತಗೋರಿ,” ಎಂದರು ಮಾಮಿ. “ಆದ್ರ ಅದರಾಗ ನಿಮ್ಮ ಬಾಜೂಕ ಮೊದಲ ಕುಂದರಾಕಿ ನಾನು. ಹಾಡಾ ಹಗಲ, ದಿಗ್ಗೇವಾಡಿ ನಡು ಓಣ್ಯಾಗ ಹಾಯ್ದು ನಮ್ಮವ್ವನ ಬಾಗಲಕ ಒಯ್ದು ಇಳಸ್ಬೇಕು. ಅವ್ವ ಇರೂದ್ರಾಗ.”

“ಇಷ್ಟನ? ಕಾರ ಬಂದ ದಿನಾನ ಹೋಗೂಣು” ಎಂದರು ಮಾಮಾ.

ಕೊಲ್ಲಾಪುರದಲ್ಲಿ ಒಂದು ಕಾರು ಮಾರಾಟಕ್ಕಿತ್ತು. ನಾನಾಗ ರಾಯಬಾಗದ ಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರ. ಪಾಠದಲ್ಲಿ ಇಂಜಿನ್ನಿನ ಚಿತ್ರವಿದೆ ಎಂಬ ಒಂದೇ ಕಾರಣಕ್ಕೆ ಮಾಮಾ ನನ್ನನ್ನು ಜೊತೆಗೆ ಎಳೆದುಕೊಂಡು ಹೋದರು. ಹಳೆಯ ವಾಡೆಯ ಅಂಗಳದಲ್ಲಿ ಕಾರು ನಿಂತಿತ್ತು. ಕೆಂಪು ಬಣ್ಣ, ಮೇಲೆ ಚಾವಣಿ ಇಲ್ಲ, ಎರಡೇ ಸೀಟು. ವಯಸ್ಸಿನಲ್ಲಿ ನನಗಿಂತ ಹಿರಿಯದು.

ಮಾಮಾ ಇಂಜಿನ್ ನೋಡಲಿಲ್ಲ. ಎದುರಿಗೆ ನಿಂತು ನೋಡಿದರು, ಹಿಂದೆ ಹೋಗಿ ನೋಡಿದರು. ಬಾನೆಟ್ಟಿನ ಮೇಲೆ ಅಂಗೈ ಸವರಿ, ಎತ್ತಿನ ಮೈಮೇಲೆ ಹುಡುಕುವಂತೆ ಸುಳಿ ಹುಡುಕಿದರು. ಕೆಟ್ಟ ಸುಳಿ ಸಿಗಲಿಲ್ಲ. ಬಗ್ಗಿ ಮುಂದಿನ ಜಾಲರಿ ನೋಡಿ, “ಹಲ್ಲ ಎಲ್ಲಾ ಅದಾವ” ಎಂದರು. ಕಾರಿನ ಒಡೆಯ, ಕರಿ ಕನ್ನಡಕದ ತರುಣ, ಕಣ್ಣು ಬಿಟ್ಟು ನೋಡುತ್ತಲೇ ಇದ್ದ.

“ಹಾಯೂದು, ಒದೆಯೂದು ಏನರೆ ಚಟಾ ಐತೇನ್ರಿ?” ಎಂದು ಮಾಮಾ ವಿಚಾರಿಸಿದರು.

“ಬ್ರೇಕ್ ಜರಾ ಕಡಿಮಿ ಹಿಡೀತಾವ್ರಿ.”

“ಅಂದ್ರ ಹಾಯ್ತೈತಿ” ಎಂದು ಮಾಮಾ ನನ್ನ ಕಡೆ ತಿರುಗಿ ಹೇಳಿದರು.

ಆಮೇಲೆ ವ್ಯಾಪಾರ. ನಮ್ಮ ಕಡೆಯ ದನದ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಕೊಳ್ಳುವವನು, ಮಾರುವವನು ಕೈ ಹಿಡಿದುಕೊಳ್ಳುತ್ತಾರೆ, ಮೇಲೆ ಒಂದು ಟವೆಲ್ ಹಾಕುತ್ತಾರೆ. ಒಳಗೆ ಬೆರಳು ಒತ್ತಿ ದರ ಹೇಳುವುದು, ಬೆರಳು ಮಡಚಿ ಇಳಿಸುವುದು. ಕುದುರಿದ್ದು ಎಷ್ಟಕ್ಕೆ ಎಂಬುದು ಆ ಎರಡು ಕೈಗಳಿಗೆ ಮಾತ್ರ ಗೊತ್ತು. ಮಾಮಾ ಹೆಗಲ ಮೇಲಿನ ಟವೆಲ್ ತೆಗೆದು, ತರುಣನ ಕೈ ಹಿಡಿದು, ಮೇಲೆ ಹೊದಿಸಿ ಎರಡು ಬೆರಳು ಗಟ್ಟಿಯಾಗಿ ಒತ್ತಿದರು. ತರುಣ ಬೆಚ್ಚಿಬಿದ್ದು ಕೈ ಎಳೆದುಕೊಂಡ. ಮಾಮಾ ಮತ್ತೆ ಹಿಡಿದರು. ಅವನು ಮತ್ತೆ ಎಳೆದುಕೊಂಡ. ಮೂರನೇ ಸಲ ಅವನು “ಆಜೋಬಾ!” ಎಂದು ಒಳಗಿದ್ದ ಅಜ್ಜನನ್ನು ಕೂಗಿದ. ಅಜ್ಜ ಕೋಲೂರಿಕೊಂಡು ಬಂದರು, ಟವೆಲ್ ನೋಡಿದರು, ಕೋಲನ್ನು ಮೊಮ್ಮಗನ ಕೈಗೆ ಕೊಟ್ಟು ತಮ್ಮ ಕೈಯನ್ನು ಒಳಗೆ ಹಾಕಿದರು. ಅರ್ಧ ನಿಮಿಷದಲ್ಲಿ ಇಬ್ಬರೂ ನಕ್ಕರು. ಕಾರು ನಮ್ಮದಾಯಿತು. ದರ ಎಷ್ಟೆಂದು ಈ ತನಕ ನನಗೂ ಗೊತ್ತಿಲ್ಲ, ಮಾಮಿಗೂ ಗೊತ್ತಿಲ್ಲ.

ನಾನು ಖುಷಿಯಿಂದ ಎಡಗಡೆಯ ಸೀಟಿನ ಬಾಗಿಲು ತೆಗೆದೆ.

“ಏ ಮಾಸ್ತರ, ಅಲ್ಲಿ ಕುಂದರಬ್ಯಾಡ. ಅದು ನಿಮ್ಮ ಮಾಮಿದು.”

“ಮತ್ತ ನಾ ಹ್ಯಾಂಗ ಬರ್ಲಿ ಮಾಮಾ?”

“ಬಸ್ ಅದಾವಲ್ಲ.”

ಎಡಗಡೆಯ ಸೀಟು ಖಾಲಿಯಾಗಿ ಕಾಗವಾಡಕ್ಕೆ ಹೊರಟಿತು. ನಾನು ಎರಡು ಬಸ್ಸು ಬದಲಿಸಿ, ನಡುವೆ ಮಿರಜಿನಲ್ಲಿ ಚಹಾ ಕುಡಿದು, ಆ ಓಟದ ಕಾರಿಗಿಂತ ಎರಡು ತಾಸು ಮೊದಲು ಮನೆ ಮುಟ್ಟಿದೆ. ಮಾಮಿ ಇಳಕಲ್ ಸೀರೆ ಉಟ್ಟು, ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕೊನೆಗೆ ಕಾರು ಬಂತು. ಅದರ ಮುಂದೆ ಎರಡು ಎತ್ತು ಕಟ್ಟಿದ್ದವು.

“ಏನೂ ಆಗಿಲ್ಲ, ಜರಾ ದಣದೈತಿ” ಎಂದರು ಮಾಮಾ, ಸ್ಟಿಯರಿಂಗ್ ಬಿಡದೆ. ಮಾಮಿ ಆರತಿಯನ್ನು ಎತ್ತುಗಳಿಗೆ ಬೆಳಗಿ ಒಳಗೆ ಹೋದರು.

ರಿಪೇರಿಗೆಂದು ನಿಪ್ಪಾಣಿಯಿಂದ ಒಬ್ಬ ಮಿಸ್ತ್ರಿ ಬಂದ. ಬಾವಿಯ ಡೀಸೆಲ್ ಪಂಪು ಬಿಚ್ಚುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕಾರನ್ನೂ ಅವನು ಪಂಪು ಎಂದೇ ತಿಳಿದು ಬಿಚ್ಚಿದ. ಇಂಜಿನ್ ಸುಧಾರಿಸಿತು. ಸೈಲೆನ್ಸರಿನ ಜಾಗಕ್ಕೆ ಪಂಪಿನ ಕೊಳವೆ ಬಂತು. ಅದನ್ನು ಮೊದಲ ಸಲ ಶುರು ಮಾಡಿದಾಗ ಓಣಿಯ ಎಮ್ಮೆಗಳು ಎರಡು ಹೊತ್ತು ಹಾಲು ಕೊಡಲಿಲ್ಲ. ಮಾಮಾ ಮಾತ್ರ ಕಣ್ಣು ಮುಚ್ಚಿ ಕೇಳಿ, “ದನಿ ಒಡದೈತಿ. ಹರೇಕ ಬಂದೈತಿ” ಎಂದರು.

ಇಷ್ಟಕ್ಕೆ ನಿಲ್ಲಬೇಕಿತ್ತು. ಆದರೆ ಮಿಸ್ತ್ರಿ ಹೋಗುವಾಗ ಒಂದು ಮಾತು ಬಿಟ್ಟುಹೋದ: “ತೂಕ ಕಮ್ಮಿ ಆದಷ್ಟೂ ಓಟ ಜಾಸ್ತಿ ಆಗ್ತೈತ್ರಿ.” ಅಂದಿನಿಂದ ದಿಗ್ಗೇವಾಡಿಯ ಪ್ರಯಾಣ ಹಿಂದೆ ಬಿತ್ತು, ಕಾರಿನ ಉಪವಾಸ ಶುರುವಾಯಿತು. ಬಂಪರು ಹೋಯಿತು, ಸ್ಟೆಪ್ನಿ ಹೋಯಿತು. ಕನ್ನಡಿಯನ್ನು ಬಿಚ್ಚುವಾಗ ನಾನು ತಡೆದೆ. “ಹಿಂದ ಬರಾವ್ರನ್ನ ನೋಡಿ ನಮಗೇನಾಗೂದೈತಿ?” ಎಂದರು ಮಾಮಾ. ಬಿಚ್ಚಿದ್ದನ್ನೆಲ್ಲ ಬೆಲ್ಲ ತೂಗುವ ತಕ್ಕಡಿಯಲ್ಲಿಟ್ಟು ತೂಗಿ ಸಂತೋಷಪಡುತ್ತಿದ್ದರು. ಮತ್ತೆ ಬಂದ ಮಿಸ್ತ್ರಿ, “ಇನ್ನೂ ಭಾರ ಐತ್ರಿ” ಎಂದು ಮಾಮಾನ ಹೊಟ್ಟೆಯ ಕಡೆ ನೋಡಿದ. ಮಾಮಾ ಅದನ್ನು ಕಾಣದವರಂತೆ ಎಡಗಡೆಯ ಸೀಟಿನ ಕಡೆ ನೋಡಿದರು.

ಸೀಟು ಬಿಚ್ಚಿದ ದಿನ ಮಾಮಿ ಜಗಳಾಡಲಿಲ್ಲ. ಅದನ್ನು ಎತ್ತಿಕೊಂಡು ಹೋಗಿ ಪಡಸಾಲೆಯಲ್ಲಿ ಇಟ್ಟುಕೊಂಡರು. ಅಲ್ಲಿಂದ ಮುಂದೆ ಅಕ್ಕಿ ಆರಿಸುವುದು, ಬೆಳ್ಳುಳ್ಳಿ ಸುಲಿಯುವುದು ಎಲ್ಲ ಅದರ ಮೇಲೇ. ನಾನು ಒಮ್ಮೆ ತಮಾಷೆಗೆ, “ಕಾರ ಎಲ್ಲಿಗಿ ಹೊಂಟೈತ್ರಿ ಮಾಮಿ?” ಎಂದೆ.

“ದಿಗ್ಗೇವಾಡಿಗಿ,” ಎಂದರು ಮಾಮಿ, ಮೊರದಿಂದ ತಲೆಯೆತ್ತದೆ. “ಇನ್ನೂ ಮುಟ್ಟಿಲ್ಲ.”

ಕಾರಹುಣ್ಣಿಮೆ ಬಂತು. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಗೆಜ್ಜೆ ಕಟ್ಟಿದ ಮಾಮಾ, ಉಳಿದ ಬಣ್ಣವನ್ನು ಕಾರಿನ ದೀಪಗಳ ಸುತ್ತ ಬಳಿದರು. ಒಂದು ಗೆಜ್ಜೆಸರವನ್ನೂ ಕಟ್ಟಿದರು. ಮಾಮಿ ಎತ್ತುಗಳಿಗೆ ಹೋಳಿಗೆ ತಿನ್ನಿಸಿ, ಕಾರಿನ ಮುಂದೆ ಬಂದು ನಿಂತರು.

“ಎತ್ತ ಆದ್ರ ಹೊಲಾ ಹೂಡತಾವು. ಇದೇನ ಮಾಡತೈತ್ರಿ?”

“ಓಡತೈತಿ.”

“ಎಲ್ಲಿಗಿ?” ಎಂದರು ಮಾಮಿ. ಕಾರಿಗೆ ಹೋಳಿಗೆ ಸಿಗಲಿಲ್ಲ.

ಸುಗ್ಗಿ ಮುಗಿದು ಹೊಲಗಳು ಖಾಲಿಯಾದಾಗ ಸಾಂಗಲಿಯ ಹುಡುಗರಿಗೆ ಹೊಸ ಬಯಲು ಬೇಕಾಯಿತು. ಎತ್ತಿನ ಶರ್ಯತ್ತು ನಡೆಯುವ ಮಾಳವೊಂದು ತಮಗೆ ಗೊತ್ತಿದೆ, ನೆಲ ಹಲಗೆಯಂತಿದೆ ಎಂದು ಮಾಮಾ ಮುಂದೆ ಬಿದ್ದು ಹೇಳಿದರು. ಆ ಮಾಳ ಇದ್ದದ್ದು ದಿಗ್ಗೇವಾಡಿಯಲ್ಲಿ! ಮನೆಗೆ ಬಂದು ಹೇಳಿದ ಮೇಲೆಯೇ ಅವರಿಗೆ ತಾವು ಏನು ಮಾಡಿದೆವೆಂಬುದು ತಿಳಿದದ್ದು.

“ಅಂದ್ರ ಕಾರ ದಿಗ್ಗೇವಾಡಿಗಿ ಹೊಂಟೈತಿ. ನನ್ನ ಬಿಟ್ಟು” ಎಂದರು ಮಾಮಿ.

“ಶರ್ಯತ್ತ ಒಂದ ಮುಗೀಲಿ. ಮರದಿನಾನ ಸೀಟ ಕೂಡಸ್ತೀನಿ.”

“ಇಪ್ಪತ್ತೆರಡ ವರ್ಷದ ಹಿಂದನೂ ಮೋಟಾರ ಬಂದ ಬಿಡತೈತಿ ಅಂದಿದ್ರಿ. ನಮ್ಮವ್ವನ ಕಣ್ಣ ಈಗ ಅರ್ಧಾ ಹೋಗ್ಯಾವ.”

ಮಾಮಿ ಇಷ್ಟೇ ಹೇಳಿದ್ದು. ಶರ್ಯತ್ತಿನ ಹಿಂದಿನ ದಿನ ಬಸ್ಸಿನ ಟಾಪಿನ ಮೇಲೆ ಒಂದು ದೊಡ್ಡ ಗಂಟನ್ನು ಹಾಕಿಸಿ ಒಬ್ಬರೇ ತವರಿಗೆ ಹೋದರು. ಅಂದು ರಾತ್ರಿ ಮಾಮಾ ಕರೆಯುವ ಮೊದಲೇ ಊಟಕ್ಕೆ ಬಂದು ಕೂತರು. ಬಡಿಸುವವರಿರಲಿಲ್ಲ.

ಮರುದಿನ ಮಾಳದಲ್ಲಿ ಜನವೋ ಜನ. ಸಾಂಗಲಿಯಿಂದ ನಾಲ್ಕು ಕಾರು ಬಂದಿದ್ದವು. ಒಂದೊಂದು ಕಾರು ಮೂರು ಸುತ್ತು ಹಾಕಬೇಕು, ಯಾರ ಹೊತ್ತು ಕಡಿಮೆಯೋ ಅವರಿಗೆ ಬೆಳ್ಳಿಯ ಗುರಾಣಿ, ಅಂದರೆ ಢಾಲು, ಬಹುಮಾನ. ಗಡಿಯಾರ ಹಿಡಿದವನು ಕೊಲ್ಲಾಪುರದ ಅದೇ ಕರಿ ಕನ್ನಡಕದವನು. ಮಾಮಾನನ್ನು ಕಂಡೊಡನೆ ಎರಡೂ ಕೈಗಳನ್ನು ಜೇಬಿನಲ್ಲಿ ಹಾಕಿಕೊಂಡು ನಮಸ್ಕಾರ ಎಂದ.

ಎಲ್ಲರಿಗಿಂತ ಕೊನೆಗೆ ಮಾಮಾನ ಪಾಳಿ. ಅವರು ಕಾರಿನ ಬೆನ್ನು ಚಪ್ಪರಿಸಿ ಹತ್ತಿದರು. ಆಮೇಲೆ ನಡೆದದ್ದನ್ನು ನನ್ನ ಕಣ್ಣೇ ನಂಬಲಿಲ್ಲ. ಎತ್ತು ತಿರುಗಿಸಿ ಪಳಗಿದ ಆ ಕೈಗಳಿಗೆ ಮಾಳದ ಒಂದೊಂದು ತಿರುವೂ ಬಾಯಿಪಾಠವಾಗಿತ್ತು. ಬಸ್ಸು ತಪ್ಪಿಸಿಕೊಳ್ಳುವ ಮಾಮಾ ಧೂಳೆಬ್ಬಿಸಿಕೊಂಡು ಹಾರಿದರು. ಎರಡು ಸುತ್ತು ಮುಗಿದಾಗ ಕನ್ನಡಕದವನು ಗಡಿಯಾರವನ್ನು ಕಿವಿಗೆ ಹಿಡಿದು ನಡೆಯುತ್ತಿದೆಯೋ ಇಲ್ಲವೋ ಎಂದು ನೋಡಿದ. ಮೂರನೇ ಸುತ್ತನ್ನು ಸುಮ್ಮನೆ ಮುಗಿಸಿದರೂ ಢಾಲು ಮಾಮಾನದೇ. ನಾನು ಗುಲಾಲಿನ ಪೊಟ್ಟಣ ಬಿಚ್ಚಿದೆ.

ದೂರದ ತಿರುವಿನಲ್ಲಿ ಸದ್ದು ನಿಂತುಹೋಯಿತು.

ಇಂಜಿನ್ ಕೆಟ್ಟಿತೆಂದು ನಾವೆಲ್ಲ ಓಡಿದೆವು. ಅಲ್ಲಿ ಒಂದು ಎತ್ತಿನ ಗಾಡಿ ನಿಂತಿತ್ತು. ಗಾಡಿಯ ತುಂಬ ವೈನಿಯರು. ಅವರೆಲ್ಲರಿಗಿಂತ ಒಂದು ಗೇಣು ಎತ್ತರದಲ್ಲಿ, ಕೆಂಪು ಕಾರಿನ ಸೀಟಿನ ಮೇಲೆ, ಇಳಕಲ್ ಸೀರೆ ಉಟ್ಟು ಮಾಮಿ ಕೂತಿದ್ದರು. ಮಾಮಾ ಕಾರಿನಿಂದಿಳಿದು ಕೆಳಗೆ ನಿಂತಿದ್ದರು.

“ಕಾರಿನ್ಯಾಗ ಕುಂದರತೀನಿ ಅಂತ ಅವ್ವಗ ಹೇಳಿದ್ದೆ,” ಎಂದರು ಮಾಮಿ, ಸೆರಗು ಸರಿಮಾಡಿಕೊಳ್ಳುತ್ತ. “ಕಾರಿನ ಸೀಟಿನ ಮ್ಯಾಲರೆ ಕುಂತೇನಿ.”

ವೈನಿಯರು ನಗಲಿಲ್ಲ. ಮಾಮಾ ಗಾಡಿಗೆ ಕೈಹಾಕಿ, “ಇಳೀ” ಎಂದರು. ಸೀಟನ್ನು ಎತ್ತಿ ಕಾರಿನೊಳಗೆ ಇಟ್ಟರು. ಬೋಲ್ಟು ಎಲ್ಲಿತ್ತು? ಗಾಡಿಯ ಹಗ್ಗ ಬಿಚ್ಚಿ, ಹೇರು ಬಿಗಿಯುವಂತೆ ಬಿಗಿದು ಕಟ್ಟತೊಡಗಿದರು.

ಕನ್ನಡಕದವನು ಏದುಸಿರು ಬಿಡುತ್ತ ಬಂದ. “ಕಾಕಾ, ಟೈಮ್ ಹೊಂಟೈತ್ರಿ!”

“ಹೋಗ್ಲಿ ಬಿಡ್ರಿ,” ಎಂದರು ಮಾಮಾ, ಗಂಟು ಹಾಕುತ್ತ. “ಇಪ್ಪತ್ತೆರಡ ವರ್ಷದಿಂದ ಹೊಂಟೈತಿ.”

ಮಾಮಿ ಹತ್ತಿದರು. ಕಾರು ಮಾಳ ಬಿಟ್ಟು ಊರ ಕಡೆ ತಿರುಗಿತು. ಸಾವಕಾಶ ಹೋಗಬೇಕು, ಎಲ್ಲರಿಗೂ ಕಾಣಬೇಕು ಎಂಬುದು ಮಾಮಿಯ ಹುಕುಂ. ನಾನು ಪಕ್ಕದಲ್ಲಿ ನಡೆದುಕೊಂಡೇ ಹೋದೆ, ನನ್ನ ಹಿಂದೆ ಊರಿಗೆ ಊರೇ. ನಡು ಓಣಿ ದಾಟಿ ಕಾರು ಮಾಮಿಯ ತವರಿನ ಬಾಗಿಲಲ್ಲಿ ನಿಂತಿತು. ಕೊಳವೆಯ ಸದ್ದಿಗೆ ಮಾಮಿಯ ತಾಯಿ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಕೈಚಾಚಿ ಬಾನೆಟ್ಟು ಮುಟ್ಟಿದರು, ದೀಪ ಮುಟ್ಟಿದರು, ಮಗಳ ಮೊಣಕೈ ಸಿಕ್ಕಿದ ಮೇಲೆ ಅದನ್ನೇ ಹಿಡಿದುಕೊಂಡು ನಿಂತರು.

“ಯಾಕ್ರಿ ಅಳ್ಯಾರ, ಇಷ್ಟ ತಡಾ ಮಾಡಿದ್ರಿ?” ಎಂದರು. “ಹುಡಗಿ ಮುಂಜಾನಿಂದ ಹೊಸ್ತಲದಾಗ ಕುಂತಿದ್ಳು.”

ಮಾಮಾ ಬಗ್ಗಿ ಅತ್ತೆಯ ಕಾಲು ಮುಟ್ಟಿದರು. “ತಪ್ಪಾತ್ರಿ ಅತ್ತಿ. ಮೋಟಾರ ರಿಪೇರಿಗಿ ಬಂದಿತ್ತು” ಎಂದಷ್ಟೇ ಹೇಳಿದರು. ನಾನು ವಿಜ್ಞಾನದ ಮಾಸ್ತರ, ಕಣ್ಣಿಗೆ ಧೂಳು ಬಿತ್ತೆಂದು ಎಲ್ಲರಿಗೂ ಹೇಳಿದೆ.

ಮುದುಕಿ ಮಗಳಿಗೆ ಎರಡನೆಯ ಸಲ ಉಡಿ ತುಂಬಿ ಕಳಿಸಿದರು. ಊಟ ಮುಗಿಸಿ ನಾವು ಮಾಳಕ್ಕೆ ಮರಳಿದಾಗ ಎರಡೂವರೆ ತಾಸು ಆಗಿತ್ತು. ಢಾಲು ಸಾಂಗಲಿಗೆ ಹೋಗಿತ್ತು. ಕನ್ನಡಕದವನೊಬ್ಬನೇ ಗಡಿಯಾರ ಹಿಡಿದು ಪ್ರಾಮಾಣಿಕವಾಗಿ ನಿಂತಿದ್ದ. ಮಾಮಾ ಗೆರೆ ದಾಟಿದ ಮೇಲೆಯೇ ಅವನು ಅದನ್ನು ನಿಲ್ಲಿಸಿದ್ದು. ಮೂರನೇ ಸುತ್ತಿನ ಆ ದಾಖಲೆಯನ್ನು ಈ ತನಕ ಯಾರೂ ಮುರಿದಿಲ್ಲ.

ಕಾರು ಅಲ್ಲಿಂದ ಹಾಗೇ ಕಾಗವಾಡದ ದಾರಿ ಹಿಡಿಯಿತು. ಹೋಗಿ ಬರ್ರಿ ಎನ್ನಲೆಂದು ನಾನು ಬಾಗಿಲ ಬಳಿ ಬಗ್ಗಿದೆ. ಎರಡೂ ಸೀಟಿನ ನಡುವೆ, ಗೇರಿನ ಮೇಲೆ, ಮಾಮಾನ ಟವೆಲ್ ಹಾಸಿತ್ತು. ಅದರ ಕೆಳಗೆ ಮಾಮಾನ ಎಡಗೈ ಇತ್ತು. ಮಾಮಿಯ ಬಲಗೈಯೂ ಹೊರಗೆಲ್ಲೂ ಕಾಣಲಿಲ್ಲ. ಇಬ್ಬರೂ ನೆಟ್ಟಗೆ ರಸ್ತೆಯನ್ನೇ ನೋಡುತ್ತಿದ್ದರು. ವ್ಯಾಪಾರ ಎಷ್ಟಕ್ಕೆ ಕುದುರಿತೋ, ನಾನು ಕೇಳಲಿಲ್ಲ. ಕಾಗವಾಡಕ್ಕೆ ನಾನು ಬಸ್ಸಿನಲ್ಲೇ ಹೋದೆ.