ನಾನು ಐಸ್ ಎಣಿಸಿದ್ದು

ಕೆಲಸ, ಓದು ಎರಡನ್ನೂ ಒಟ್ಟಿಗೆ ನಿಭಾಯಿಸುವುದು ಕಷ್ಟ ಎನ್ನುವವರನ್ನು ಕಂಡರೆ ನನಗೆ ಒಂದು ಕಾಲದಲ್ಲಿ ಕನಿಕರ ಹುಟ್ಟುತ್ತಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳವು. ನಾನು ಕುಮಟಾದ ಆಡಿಟರೊಬ್ಬರ ಬಳಿ ಲೆಕ್ಕಪರಿಶೋಧನೆ ಕಲಿಯುತ್ತಿದ್ದೆ. ಹಗಲಿಡೀ ಅವರ ಆಫೀಸಿನ ಕೆಲಸ ಮಾಡಬೇಕು. ಉಳಿದ ಸಮಯದಲ್ಲಿ ಓದಿ ಪರೀಕ್ಷೆ ಪಾಸು ಮಾಡಬೇಕು. ಉಳಿದ ಸಮಯ ಎಂಬುದೊಂದು ಇರಲಿಲ್ಲ, ಅಷ್ಟೇ! ಶಿರಾಲಿಯ ಮನೆಯಿಂದ ಕುಮಟಾಕ್ಕೆ ಬಸ್ಸಿನಲ್ಲಿ ಹೋಗಿಬರಲಿಕ್ಕೇ ದಿನಕ್ಕೆ ನಾಲ್ಕು ತಾಸು ಹಿಡಿಯುತ್ತಿತ್ತು.

ಎರಡು ಸಲ ನಪಾಸಾದ ಮೇಲೆ ನಾನೊಂದು ಮಹತ್ವದ ಸಿದ್ಧಾಂತವನ್ನು ಕಂಡುಹಿಡಿದೆ. ಕೆಲಸ ಮುಗಿಸಿ ಓದುವುದಲ್ಲ, ಕೆಲಸ ಮಾಡುತ್ತಲೇ ಓದುವುದು!

ಸಿದ್ಧಾಂತವನ್ನು ಹೆಂಡತಿ ನಾಗವೇಣಿಗೆ ವಿವರಿಸಿದೆ. ಅವಳು ಸಾರಿಗೆ ಕಾಯಿ ತುರಿಯುತ್ತಿದ್ದಳು.

"ಅಡ್ಡಿಲ್ಲ. ಆದ್ರೆ ಯಾರ ಕೆಲ್ಸ ಹಾಳಾಗ್ತದೆ, ಅದ್ನ ಮೊದ್ಲೇ ಕೇಳ್ಕಳಿ" ಎಂದಳು.

ವ್ಯಾಸಂಗದ ಗಂಭೀರತೆ ಹೆಂಗಸರಿಗೆ ಏನು ತಿಳಿಯುತ್ತದೆ ಎಂದು ನಕ್ಕುಬಿಟ್ಟೆ.

ಮಾರ್ಚ್ ಮೂವತ್ತೊಂದು ಬಂತು. ವ್ಯಾಪಾರಗಳ ವರ್ಷ ಮುಗಿಯುವ ದಿನ. ಅಂದು ಗೋದಾಮಿನಲ್ಲಿರುವ ಮಾಲನ್ನು ಎಣಿಸಿ ಬರೆದುಕೊಳ್ಳಬೇಕು. "ತೆಂಗಿನಗುಂಡಿಯ ಐಸ್ ಫ್ಯಾಕ್ಟರಿಗೆ ನೀನು ಹೋಗು. ಅರ್ಧ ತಾಸಿನ ಕೆಲಸ" ಎಂದರು ಆಡಿಟರು. ಮನೆಗೆ ಹತ್ತಿರದ ಊರು, ಅರ್ಧ ತಾಸಿನ ಕೆಲಸ, ಇಡೀ ದಿನ ಓದು! ದಪ್ಪ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೆ.

ಫ್ಯಾಕ್ಟರಿಯ ಮೇಸ್ತ್ರಿ ಮಾಸ್ತಪ್ಪ ಮರ್ಯಾದೆಯಿಂದ ಬರಮಾಡಿಕೊಂಡ. ಐಸ್ ಇಡುವ ಕೋಣೆಯ ಬಾಗಿಲು ತೆರೆದು, "ನೂರಾ ನಲವತ್ತು ಗಡ್ಡೆ ಅದೆ. ಇಲ್ಲೇ ನಿಂತು ನೋಡಿ ಬರ್ಕಳಿ, ಆತು" ಎಂದ.

ನಾನು ಒಳಗೆ ಇಣುಕಿದೆ. ಕನ್ನಡಕಕ್ಕೆ ಮಂಜು ಕವಿಯಿತು. ಒರೆಸಿದೆ. ಮತ್ತೆ ಕವಿಯಿತು. ಪುಸ್ತಕ ತೆರೆದೆ. "ಪರಿಶೋಧಕನು ಮಾಲನ್ನು ಸಾಕಷ್ಟು ಬೆಳಕಿನಲ್ಲಿ ಸ್ವತಃ ಕಣ್ಣಾರೆ ನೋಡತಕ್ಕದ್ದು" ಎಂಬರ್ಥದ ವಾಕ್ಯ ಅಲ್ಲಿತ್ತು.

"ಎಲ್ಲ ಗಡ್ಡೆಗಳನ್ನೂ ಹೊರಗೆ ಅಂಗಳಕ್ಕೆ ತನ್ನಿ" ಎಂದೆ.

ಮಾಸ್ತಪ್ಪ ನನ್ನ ಮುಖ ನೋಡಿದ. "ಬಿಸ್ಲಿಗಾ?"

"ಬೆಳಕಿಗೆ."

"ಹನ್ನೆರಡು ಗಂಟಿಗೆ ಬೋಟು ಬರ್ತದೆ ಮಾರಾಯ್ರೆ. ಮೀನಿಗೆ ಇದೇ ಐಸು."

"ಐದು ನಿಮಿಷದಲ್ಲಿ ಮುಗಿಸುತ್ತೇನೆ" ಎಂದು ಆಶ್ವಾಸನೆ ಕೊಟ್ಟೆ. ಆಡಿಟರ ಆಫೀಸಿನವನ ಮಾತು ಮೀರುವುದು ಹೇಗೆ? ನಾಲ್ಕು ಜನ ಸೇರಿ ಗಡ್ಡೆಗಳನ್ನು ಅಂಗಳದಲ್ಲಿ ಸಾಲಾಗಿ ಜೋಡಿಸಿದರು. ನೋಡಲು ಬಹಳ ಚೆಂದವಿತ್ತು.

ಎಣಿಸತೊಡಗಿದೆ. ಸಿದ್ಧಾಂತದ ಪ್ರಕಾರ ಜೊತೆಜೊತೆಗೇ ಪರಿಶೋಧಕನ ಏಳು ಕರ್ತವ್ಯಗಳನ್ನೂ ಬಾಯಿಪಾಠ ಮಾಡುತ್ತಿದ್ದೆ. ಐವತ್ತೆರಡನೆಯ ಗಡ್ಡೆಗೆ ಬರುವಾಗ ನಾಲ್ಕನೆಯ ಕರ್ತವ್ಯ ಮರೆತುಹೋಯಿತು. ಪುಸ್ತಕ ನೋಡಿದೆ. ಕರ್ತವ್ಯ ಸಿಕ್ಕಿತು, ಐವತ್ತೆರಡು ಮರೆತುಹೋಯಿತು. ಮೊದಲಿನಿಂದ ಶುರು! ಎರಡನೆಯ ಸಲ ತೊಂಬತ್ತರವರೆಗೆ ಹೋದೆ. ಅಷ್ಟರಲ್ಲಿ ಪಕ್ಕಪಕ್ಕದ ಗಡ್ಡೆಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಇದನ್ನು ಒಂದು ಎನ್ನಬೇಕೋ, ಎರಡು ಎನ್ನಬೇಕೋ? ಇಂಥ ಸಂದರ್ಭಕ್ಕೆ ನಿಯಮವಿರಲೇಬೇಕು ಎಂದು ನೆರಳಲ್ಲಿ ಕೂತು ಹುಡುಕತೊಡಗಿದೆ. ಓದು ಅಷ್ಟು ಚೆನ್ನಾಗಿ ತಲೆಗೆ ಹತ್ತಿದ್ದು ಅದೇ ಮೊದಲು.

"ಸ್ವಾಮಿ, ನಿಮ್ ಸ್ಟಾಕು ಗಟಾರದಲ್ಲಿ ಹೋಗ್ತಾ ಅದೆ!" ಮಾಸ್ತಪ್ಪ ಕೂಗಿಕೊಂಡ.

ತಲೆಯೆತ್ತಿದೆ. ನನ್ನ ಚಪ್ಪಲಿ ತೇಲುತ್ತಿತ್ತು.

ಗಡಿಬಿಡಿಯಲ್ಲಿ ಎಲ್ಲವನ್ನೂ ಒಳಗೆ ಸಾಗಿಸಿದೆವು. ನಾನೂ ಒಂದನ್ನು ಎತ್ತಿದೆ. ಅದು ಜಾರಿ ಮಾಸ್ತಪ್ಪನ ಕಾಲಿನ ಮೇಲೆ ಬಿತ್ತು. ಕೋಣೆಗೆ ಮರಳಿದ್ದು ಅರ್ಧಕ್ಕಿಂತ ಕಡಿಮೆ, ಅದೂ ಸಾಬೂನಿನ ಚೂರುಗಳ ಹಾಗೆ. ಅದೇ ಹೊತ್ತಿಗೆ ಬೋಟುಗಳು ಬಂದವು. ಆ ದಿನವೇ ಬಂಗಡೆ ಮೀನು ಹೇರಳವಾಗಿ ಬಲೆಗೆ ಬಿದ್ದಿರಬೇಕೆ!

ಬೋಟಿನ ಯಜಮಾನ ಜಟ್ಟಪ್ಪ ಬಂದು ಬಹುಪಾಲು ಖಾಲಿಯಾದ ಕೋಣೆ ನೋಡಿದ. ಒದ್ದೆ ಅಂಗಳ ನೋಡಿದ. ಮಾಸ್ತಪ್ಪ ನನ್ನ ಕಡೆ ಬೆರಳು ತೋರಿಸಿದ.

"ಬಂಗಡಿಗೆ ಎಂತ ಹಾಕುದು ಈಗ? ನಿಮ್ ಪುಸ್ತಕನ?"

ಏಳು ಕರ್ತವ್ಯಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಬಿಸಿಲಲ್ಲಿ ಸುಟ್ಟು ಕಪ್ಪಾದ ಎಂಟು ಜನ ಅವನ ಹಿಂದೆ ನಿಂತಿದ್ದರು. ಬೆಳಗಿನ ಜಾವದಿಂದ ದುಡಿದವರು. ಆಗ ಮಾತ್ರ ನನಗೆ ನಿಜವಾಗಿ ನಾಚಿಕೆಯಾಯಿತು.

"ಹೊನ್ನಾವರದಿಂದ ತರುತ್ತೇನೆ" ಎಂದೆ. ಮೀನಿನ ಲಾರಿಯಲ್ಲಿ ಹೋದೆ. ಅಲ್ಲಿನ ಫ್ಯಾಕ್ಟರಿಯವರ ಕೈಕಾಲು ಹಿಡಿದು ಐಸ್ ಪಡೆದೆ. ಬರುವಾಗ ಮುಚ್ಚಿದ ಗೋಣಿ ಗಾಳಿಗೆ ಹಾರದಂತೆ ಐಸಿನ ಮೇಲೆ ನಾನೇ ಕೂತೆ. ನಲವತ್ತು ಕಿಲೋಮೀಟರ್! ನಮ್ಮ ಭಟ್ಕಳ ತಾಲೂಕಿಗೆ ಕಾಲಿಡುವಾಗ ನನ್ನ ಹಿಂಭಾಗ ನನ್ನದೇ ಎಂಬ ನಂಬಿಕೆ ಹೋಗಿತ್ತು. ಅಷ್ಟರಲ್ಲಿ ಬೋಟಿನವರ ಮನೆಯ ಹೆಂಗಸರು ಅರ್ಧ ಬಂಗಡೆಗೆ ಉಪ್ಪು ಹಾಕಿಬಿಟ್ಟಿದ್ದರು. ಉಳಿದರ್ಧ ಬಚಾವಾಯಿತು.

ಸಂಜೆ ಮನೆಗೆ ಹೋದಾಗ ನಾಗವೇಣಿ ಮೂಗು ಮುಚ್ಚಿಕೊಂಡು ಕೇಳಿದಳು, "ಪಾಠ ಎಷ್ಟಾತು?"

"ನಾಲ್ಕು ಕರ್ತವ್ಯ" ಎಂದೆ.

ಮರುದಿನ ಆಡಿಟರು ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪರೀಕ್ಷೆ ಮುಗಿಯುವವರೆಗೆ ಮನೆಯಲ್ಲೇ ಕೂತು ಓದು."

"ಸರ್, ನಿಮ್ಮ ಉಪಕಾರವನ್ನು ಹೇಗೆ..."

"ಉಪಕಾರ ನಿನಗಲ್ಲ. ಉಳಿದ ಕಕ್ಷಿದಾರರಿಗೆ."

ರಜೆಯಿಡೀ ಓದಿದೆ. ಆ ಸಲವೂ ಪಾಸಾಗಲಿಲ್ಲ. ಮುಂದೆ ಅಂತೂ ಇಂತೂ ಪಾಸಾಗಿ, ಹೊಸ ಷರಟು ತೊಟ್ಟು, ಪೂರ್ಣಪ್ರಮಾಣದ ಆಡಿಟರನಾಗಿ ತೆಂಗಿನಗುಂಡಿಯ ಫ್ಯಾಕ್ಟರಿಗೆ ಹೋದೆ. ನನ್ನನ್ನು ಕಂಡದ್ದೇ ಮಾಸ್ತಪ್ಪ ಕುರ್ಚಿಯಿಂದ ಎದ್ದು ನಿಂತ. ಎಷ್ಟು ಗೌರವ ಎಂದು ನನ್ನ ಎದೆ ಉಬ್ಬಿತು.

ಅವನು ನೆಟ್ಟಗೆ ಹೋಗಿ ಐಸಿನ ಕೋಣೆಗೆ ಬೀಗ ಹಾಕಿ ಬಂದ.