ಗುಲಾಬಿ, ಹಳದಿ, ಗುಲಾಬಿ, ನೀಲಿ

ಹೊಸಪೇಟಿಯಾಗ ದಾರಿ ಗೊತ್ತಿದ್ದಾಂವ ಅಂದ್ರ ನಾನೊಬ್ಬನ. ಇದನ್ನ ನಾನ ಹೇಳಬಾರದು ಖರೆ, ಆದ್ರ ಬ್ಯಾರೆ ಯಾರೂ ಹೇಳವಲ್ರು, ಏನ್ ಮಾಡ್ಲಿ? ಹಂಪಿ ನೋಡಾಕ ಬಂದ ಪರಊರಿನವರಿಗೆ ನಾನ ದಾರಿ ತೋರಸಾಂವ. ಒಮ್ಮೆ ಒಬ್ಬ ಬಿಳಿ ಸಾಹೇಬಗ ಆನಿ ಲಾಯ ತೋರಿಸಿ, "ಇದು ರಾಣಿಯ ಅಡಗಿಮನಿ, ದೊರೆಗೆ ಹಸಿವು ಭಾಳ ಇತ್ತು" ಅಂದಿದ್ದೆ. ಪಾಪ, ಟೊಪಗಿ ತಗದು ತಲಿ ಬಗ್ಗಿಸಿ ಹೋದ. ನನ್ನ ಮಾತಿಗೆ ಅಷ್ಟು ಕಿಮ್ಮತ್ತು!

ಹಿಂಗಿರುವಾಗ ನಮ್ಮ ಮಾಮಾ ಒಂದು ಮೋಟಾರು ತಂದ. ಮಾಮಾನದು ಕಂಪ್ಲಿಯಾಗ ಅಕ್ಕಿ ಮಿಲ್ಲು, ಹೊಸಪೇಟಿಯಾಗ ಮನಿ. ಆತನ ಜಗತ್ತು ಅಂದ್ರ ಈ ಎರಡು ಊರು, ನಡುವಿನ ಧೂಳು, ಮುಗೀತು. ಮೋಟಾರು ನಮ್ಮ ಮನಿಗೆ ಬರೋದ್ರಾಗ ಭಾಳ ಧಣಿಗಳನ್ನ ಕಂಡಿತ್ತು. ಅದಕ್ಕ ಕೆಮ್ಮಿತ್ತು, ದಮ್ಮಿತ್ತು, ಮೊಣಕಾಲು ನೋವೂ ಇತ್ತು ಅಂತ ಕಾಣತೈತಿ. ಏರು ಬಂದ್ರ ನಿಂತು ನರಳತಿತ್ತು.

"ಮೋಟಾರ್ ಬಂತಲ್ಲ, ಈಗಾದ್ರೂ ಸಮುದ್ರ ತೋರಸ್ರಿ," ಅಂದ್ಲು ಅತ್ತಿ. ಬಾಜೂ ಮನಿಯಾಕಿ ಮುಂಬಯಿಗೆ ಹೋಗಿ ಸಮುದ್ರ ನೋಡಿ ಬಂದಾಗಿನಿಂದ ಅತ್ತಿಗೆ ನಿದ್ದಿ ಇರಲಿಲ್ಲ.

"ನನಗ ಸಮುದ್ರ ಬ್ಯಾಡಪ್ಪ. ನನ್ನ ತವರು ತೋರಸು, ಸಾಕು," ಅಂದ್ಲು ಅಜ್ಜಿ. ಅಜ್ಜಿ ಅಂದ್ರ ಮಾಮಾನ ತಾಯಿ. ಆಕಿ ತವರು ದರೋಜಿ. ಮಾಮಾ ಕೂಸಿದ್ದಾಗ ಯಾವುದೋ ಹೊಲದ ಜಗಳ ಆಗಿ ಆ ಊರಿಗೆ ಹೋಗಾದು ಬರಾದು ಬಂದ್ ಆಗಿತ್ತು.

"ಆ ಊರಿನ ಹೆಸರು ತಗೀಬ್ಯಾಡ!" ಅಂತ ಮಾಮಾ ಗುಡುಗಿದ. "ಸಮುದ್ರಕ್ಕ ಹೋಗೂಣು. ಆದ್ರ ದಾರಿ ಯಾರಿಗೆ ಗೊತ್ತೈತಿ?"

ನಾನು ಗಂಟಲು ಸರಿಮಾಡಿಕೊಂಡೆ.

"ಲೇ ಬಸ್ಯಾ, ನಿನಗ ಗೊತ್ತೇನು?"

"ಬೆಳಗಿನಾಗ ಹೊಂಟ್ರ ಸಂಜಿಗೆ ಮಂಗಳೂರು ಸಮುದ್ರ, ಮಾಮಾ! ಘಟ್ಟ ನೋಡಕೋಂತ, ಹೊಳಿ ನೋಡಕೋಂತ, ಮಸ್ತ್ ಹೋಗೂಣು."

ಮಾಮಾ ಕಣ್ಣು ಸಣ್ಣ ಮಾಡಿದ. "ಮುಟ್ಟಿಸಿದ್ರ ನಿನಗ ಸ್ಟೇರಿಂಗ್ ಕಲಸತೀನಿ. ಇಲ್ಲಂದ್ರ ರಜಾ ಪೂರಾ ಕಂಪ್ಲಿ ಮಿಲ್ಲಿನಾಗ ಕುಂತು ಚೀಲ ಹೊಲೀಬೇಕು. ಕಬೂಲ್?"

ಸ್ಟೇರಿಂಗ್! ಹೊಸಪೇಟಿ ಬಜಾರದಾಗ ನಾನು ಮೋಟಾರು ಹೊಡಕೋಂತ, ಪೋಂ ಪೋಂ ಅಂತ ಹೋಗಾದು, ನನ್ನ ವಾರಗಿಯವರು ದಂಡಿಗೆ ನಿಂತು ಹೊಟ್ಟಿ ಉರಕೊಳ್ಳಾದು ಕಣ್ಣ ಮುಂದ ಬಂತು. "ಕಬೂಲ್!" ಅಂದೆ.

ಅವತ್ತ ರಾತ್ರಿ ಶಾಲಿ ನಕಾಶಿ ಪುಸ್ತಕ ಹಾಸಿಕೊಂಡು ಕುಂತು ಯೋಜನೆ ತಯಾರಿಸಲಾಯಿತು. ತಯಾರಿಸಿದವನು ನಾನೇ! ಹೊಸಪೇಟಿಯಿಂದ ಮಂಗಳೂರು ನನ್ನ ಗೇಣಿಗಿಂತ ಕಡಿಮಿ ಇತ್ತು. ನಕಾಶಿಯಾಗ ನಮ್ಮ ಮದರಾಸ್ ಸರ್ಕಾರದ ಸೀಮಿ ಗುಲಾಬಿ ಬಣ್ಣ. ಅದನ್ನ ದಾಟಿದ್ರ ಮಹಾರಾಜರ ಮೈಸೂರು, ಹಳದಿ. ಹಳದಿ ಮುಗಿಯಾದ್ರಾಗ ಘಟ್ಟ. ಘಟ್ಟ ಇಳಿದ್ರ ಮತ್ತ ಮದರಾಸಿನ ಮಂಗಳೂರು, ಗುಲಾಬಿ. ಅದರಾಚಿ ನೀಲಿ. ಗುಲಾಬಿ, ಹಳದಿ, ಗುಲಾಬಿ, ನೀಲಿ! ಇಷ್ಟು ಸಲೀಸು ಇದ್ದದ್ದನ್ನ ಭೂಗೋಳದ ಮಾಸ್ತರು ವರ್ಷಗಟ್ಟಲೆ ಯಾಕ ಹೇಳತಾರೋ! ಹೊಸಪೇಟಿ ಕೆಳಗ ಒಂದು ಸಣ್ಣ ಹಳದಿ ಚುಕ್ಕಿ ಇತ್ತು. ಸಾರು ಬಿದ್ದಿರಬೇಕು ಅಂತ ಉಗುರಿಲೆ ಕೆರದೆ.

ಕೋಳಿ ಕೂಗೋಕಿಂತ ಮೊದಲ ಹೊಂಟಿವಿ. ಕತ್ತಲಿ. ಮಾಮಾಗ ಸ್ಟೇರಿಂಗ್ ಬಿಟ್ಟು ಬ್ಯಾರೆ ಏನೂ ಕಾಣಂಗಿಲ್ಲ. ಹಿಂದಿನ ಸೀಟಿನಾಗ ಅತ್ತಿ, ರೊಟ್ಟಿ ಗಂಟು, ಪೆಟ್ರೋಲ್ ಡಬ್ಬಿ, ಮತ್ತ ಕಂಬಳಿ ಮುಸುಕು ಹಾಕಿ ಮಲಗಿದ ಅಜ್ಜಿ. ಊರು ದಾಟಿದ ಮ್ಯಾಲೆ ದಾರಿ ಎರಡಾತು.

"ಯಾವ ಕಡಿಗೋ?"

"ಎಡಕ್ಕ!" ಅಂದೆ. ಯಾಕಂದ್ರ ಬಲಕ್ಕ ನಾಯಿ ಇತ್ತು.

ಬೆಳಕು ಹರಿಯಾದ್ರಾಗ ಗುಡ್ಡ ಸುರು ಆದ್ವು. ಒಂದು ಕಟ್ಟಿಗಿ ಅಡ್ಡಗಂಬ, ಅದರ ಮಗ್ಗಲಕ ರುಮಾಲಿನ ಜವಾನ.

"ಇದು ಯಾರ ಸೀಮಿರಿ?" ಅಂತ ಕೇಳಿದೆ.

"ದೊರೆಗಳ ಸೀಮಿರಿ."

"ನೋಡಿದ್ರ್ಯಾ? ಮೈಸೂರು! ಹಳದಿ ಬಂತು!" ಅಂತ ಸೀಟಿನ ಮ್ಯಾಲೆ ಜಿಗದೆ. ಮಾಮಾ ಖುಷಿಯಿಂದ ಹಾರ್ನ್ ಹೊಡದ. ಜವಾನ ಬೆದರಿ ಗೇಟು ತಗದ.

ಆಮೇಲಿನ ಕತಿ ಕೇಳಬ್ಯಾಡ್ರಿ. ಏರಿನಾಗ ಮೋಟಾರಿನ ನೀರು ಕುದಿಯಾಕ ಹತ್ತಿತು, ಅನ್ನಕ್ಕ ಇಡಬೌದಿತ್ತು. ಅದು ಆರೋ ತನಕ ಗಿಡದ ಕೆಳಗ ಕುಂತಿವಿ. ಹೊಂಟ್ರ ಟೈರು ಪಂಚರ್. ಅದು ಆತು ಅಂದ್ರ ಮತ್ತ ಕುದಿ. ಮುಂದ ನೂಕಿದ್ದು ನಾನು, ಹಿಂದ ನೂಕಿದ್ದು ಅತ್ತಿ. ನಾನು ಮುಂದ ನಿಂತು ನೂಕಿದ್ರ ಮೋಟಾರು ಹಿಂದಕ್ಕ ಹೋಗತೈತಿ ಅನ್ನಾದು ಇಬ್ಬರಿಗೂ ತಡವಾಗಿ ತಿಳೀತು! ಎಲ್ಲರ ಮಾರಿ, ಬಟ್ಟಿ, ರೊಟ್ಟಿ, ಎಲ್ಲಾ ಕೆಂಪು ಮಣ್ಣು.

"ಬಸ್ಯಾ, ಘಟ್ಟ ಇಷ್ಟು ಕೆಂಪಗ ಇರತಾವೇನೋ?" ಅತ್ತಿ ಸೆರಗು ಜಾಡಿಸಿದಳು.

"ಅಡಿಕಿ ಸೀಮಿ ಅಲ್ಲೇನತ್ತಿ! ಎಲಿ ಅಡಿಕಿ ತಿಂದು ಉಗುಳಿ ಉಗುಳಿ ಹಿಂಗಾಗೈತಿ."

ಎರಡು ಗುಡ್ಡದ ನಡುವಿನ ಗಂಡಿಯಾಗ ಇಳದಿವಿ. ಮಗ್ಗಲಕ ಒಂದು ಹಳ್ಳ ಹರೀತಿತ್ತು. ಅಜ್ಜಿ ಮುಸುಕು ತಗದು ನೋಡಿದ್ಲು.

"ಇದ್ಯಾವ ಹಳ್ಳನೋ?"

"ನೇತ್ರಾವತಿ, ಅಜ್ಜಿ! ಸೀದಾ ಸಮುದ್ರಕ್ಕ ಹೋಗತೈತಿ. ಇದರ ಜೋಡಿ ಹೋದ್ರ ಮುಗೀತು."

"ಹೌದಾ?" ಅಂದ್ಲು ಅಜ್ಜಿ. ಬೊಚ್ಚಬಾಯಿ ತಗದು ನಕ್ಕಳು. ಆಮೇಲೆ ಮಲಗಲೇ ಇಲ್ಲ.

ಬಯಲು ಬಂತು. ಒಬ್ಬ ಗಾಡಿಯಾತನ್ನ ಕೇಳಿದೆ, "ಇದು ಯಾರ ಸೀಮಿರಿ?"

"ಮದರಾಸ್ ಸರ್ಕಾರದ್ದು. ಮತ್ಯಾರದು?"

ಗುಲಾಬಿ! ಹೊತ್ತು ಇಳದಿತ್ತು. ಹಳ್ಳದ ಜೋಡಿ ಇನ್ನಷ್ಟು ದೂರ ಹೋದಿವಿ ನೋಡ್ರಿ, ಕಣ್ಣು ಮುಟ್ಟೋ ತನಕ ನೀರು! ನೀಲಿ!

ಮಾಮಾ ಬ್ರೇಕ್ ಒತ್ತಿದ. ಅತ್ತಿ ಇಳದು, ಗಲ್ಲ ಗಲ್ಲ ಬಡಕೊಂಡು, ಕಾಯಿ ಒಡದು ಕೈ ಮುಗದಳು. ಮಾಮಾ ನನ್ನ ಬೆನ್ನು ಚಪ್ಪರಿಸಿ, "ಶಹಬ್ಬಾಸ್! ನಾಳೆ ಮುಂಜಾನೆನ ಸ್ಟೇರಿಂಗ್," ಅಂದ. ನಾನು ಎಡಗೈ ಸೊಂಟಕ್ಕಿಟ್ಟು ಬಲಗೈ ಚಾಚಿದೆ.

"ಅಲ್ಲಿ ಆಚಿ ದಂಡಿಗೆ ಕರ್ರಗ ಕಾಣತೈತಲ್ಲ, ಅದ ಅರಬಸ್ತಾನ. ಕುದುರಿ, ಖರ್ಜೂರ ಎಲ್ಲಾ ಅಲ್ಲಿಂದನ ಬರಾದು."

"ನೀರಾಗ ಎಮ್ಮಿ ನಿಂತಾವಲ್ಲೋ?" ಅಂದ್ಲು ಅತ್ತಿ.

"ಸಮುದ್ರದ ಎಮ್ಮಿ ಅವು. ಹಾಲು ಉಪ್ಪಗಿರತೈತಿ."

ಅಷ್ಟೊತ್ತಿಗೆ ದೂರದಾಗ ಕೂ ಅಂತ ಕೇಳಿಸ್ತು. "ಹಡಗು!" ಅಂದೆ.

"ಹಡಗು ನಮ್ಮ ಬೆನ್ನ ಹಿಂದಿಂದ ಬರತೈತೇನು?" ಮಾಮಾ ತಿರುಗಿ ನೋಡಿದ.

"ರಿಪೇರಿಗೆ ಒಯ್ದಿರಬೇಕು, ಮಾಮಾ."

ಅಜ್ಜಿ ಮೆಲ್ಲಕ ದಂಡಿಗೆ ಹೋಗಿ ಬೊಗಸಿ ನೀರು ಕುಡದು, "ಸಪ್ಪಗ ಐತಲ್ಲೋ!" ಅಂದ್ಲು.

"ಮ್ಯಾಲೆ ಸಪ್ಪಗ ಇರತೈತಿ, ಅಜ್ಜಿ. ಉಪ್ಪು ಭಾರ ಅಲ್ಲೇನು? ಬುಡಕ್ಕ ಕುಂತಿರತೈತಿ."

"ಭಾಳ ಶಾಣ್ಯಾ ಅದಿ," ಅಂದ್ಲು. ನನಗ ಮೈಯೆಲ್ಲಾ ಉಬ್ಬಿತು. ಉಬ್ಬಬಾರದಿತ್ತು.

ಸಮುದ್ರದಾಗ ಸೂರ್ಯ ಮುಳುಗಾದು ನೋಡಬೇಕಂತ ಬಾಜೂ ಮನಿಯಾಕಿ ಹೇಳಿದ್ದಳಂತ. ಅತ್ತಿ ನೀರಿನ ಕಡೆ ಮಾರಿ ಮಾಡಿ ಕುಂತು ಕಾದ್ಲು. ಕಾದ್ಲು. ನೀರು ಕಪ್ಪಾತು, ಸೂರ್ಯ ಬರವಲ್ಲ. ಕಡೀಗೆ ಮಾಮಾ ತಿರುಗಿ ನೋಡಿದ. ಸೂರ್ಯ ನಮ್ಮ ಬೆನ್ನಿಗೆ, ನಾವು ಇಳದು ಬಂದ ಕೆಂಪು ಗುಡ್ಡದ ಹಿಂದ, ಯಾರಿಗೂ ಹೇಳದಂಗ ಮುಳುಗಿಬಿಟ್ಟಿದ್ದ!

ಎಲ್ಲರೂ ನನ್ನ ಮಾರಿ ನೋಡಿದ್ರು. ಜೀವನದಾಗ ಮೊದಲನೇ ಸಲ ನನ್ನ ಬಾಯಿಗೆ ಒಂದೂ ಸುಳ್ಳು ಬರಲಿಲ್ಲ.

ಅಜ್ಜಿ ಎದ್ದು ಸೀರಿ ಕೊಡವಿದಳು. "ನಡೀರಿ, ಕತ್ತಲಾತು. ಊಟಕ್ಕ ಅರಬಸ್ತಾನಕ್ಕ ಹೋಗೂಣು. ನಮ್ಮಣ್ಣನ ಹೊಲ ಅಲ್ಲೇ ಐತಿ."

ಮಾಮಾ ಬಾಯಿ ತಗದಾಂವ ಮುಚ್ಚಲೇ ಇಲ್ಲ. "ಅಂದ್ರ ಇದು..."

"ದರೋಜಿ ಕೆರಿ. ನಾ ಈಜು ಕಲತದ್ದು ಇದರಾಗ. ಬಂದದ್ದು ಸೊಂಡೂರು ಗುಡ್ಡದ ಮ್ಯಾಲೆ. ಈ ಹುಡುಗನ ನೇತ್ರಾವತಿ ನಮ್ಮ ನಾರಿಹಳ್ಳ."

"ಗೊತ್ತಿದ್ದೂ ಸುಮ್ಮನಿದ್ಯಾ?"

"ಮತ್ತ ಹೇಳಿದ್ರ ನೀ ತಿರುಗಿಸಿಕೊಂಡು ಹೋಗತಿದ್ದಿ."

ಕೆರಿ ಸುತ್ತಿ ಅವರ ಮನಿ ಮುಟ್ಟಿದಾಗ ಅಜ್ಜಿಯ ಅಣ್ಣ ಕಂದೀಲು ಹಿಡಕೊಂಡು ಹೊರಗ ಬಂದ. ತಂಗಿನ್ನ ನೋಡಿ ಅತ್ತ. ಕೆಂಪು ಮಣ್ಣು ಮೆತ್ತಿದ ಮಾಮಾನ್ನ ನೋಡಿ ಮೊದಲು ಬೆದರಿದ, ಆಮೇಲೆ ಅಪ್ಪಿಕೊಂಡ. ಹೊಲದ ಜಗಳ ಯಾಕ ಸುರುವಾತು ಅಂತ ಅಣ್ಣ ತಂಗಿ ಇಬ್ಬರಿಗೂ ನೆನಪಿರಲಿಲ್ಲ. ಎಲ್ಲರೂ ಖುಷಿಯಾಗಿದ್ದಾಗ, ಹೋಳಿಗಿ ಬಡಿಸೋ ಹೊತ್ತು ನೋಡಿ ನಾನು ಮೆಲ್ಲಕ ಕೇಳಿದೆ:

"ಮಾಮಾ, ಎಲ್ಲಾ ಒಳ್ಳೇದ ಆತಲ್ಲ. ಸ್ಟೇರಿಂಗ್..."

"ಕಂಪ್ಲಿ ಇಲ್ಲಿಂದ ಭಾಳ ಹತ್ತರಪ್ಪ," ಅಂದ ಮಾಮಾ, ತುಪ್ಪ ಹಾಕಿಸಿಕೊಳ್ಳುತ್ತಾ. "ದಾರಿ ನನಗ ಗೊತ್ತೈತಿ."

ಈಗ ಕಂಪ್ಲಿ ಮಿಲ್ಲಿನಾಗ ಕುಂತೀನಿ. ಸಾರಿನ ಕಲೆ ಅಂದುಕೊಂಡಿದ್ದ ಚುಕ್ಕಿ ಸೊಂಡೂರು ಸಂಸ್ಥಾನ ಅಂತ ಇಲ್ಲಿನ ಹಮಾಲರಿಗೆಲ್ಲಾ ಗೊತ್ತಾಗೈತಿ. ಭತ್ತ ನೆನಸೋ ತೊಟ್ಟಿ ತೋರಿಸಿ, "ಧಣಿ, ಆಚಿ ದಂಡಿಗೆ ಯಾವ ದೇಶರಿ?" ಅಂತ ಕೇಳತಾರ. ನಾನು ಕಿವಿಗೊಡದಂಗ ಚೀಲ ಹೊಲೀತೀನಿ. ಗೋಣಿಸೂಜಿ ಒಂದು ಕಡೆ ಹಾಕಿದ್ರ ಇನ್ನೊಂದು ಕಡೆ ಹೊರಗ ಬರತೈತಿ. ನಿನ್ನೆ ಸಂಜಿ ಮನಿಗೆ ಹೋಗೂಣು ಅಂತ ಎದ್ದೆ. ಏಳಾಕ ಆಗಲಿಲ್ಲ. ಧೋತರಾನೂ ಚೀಲಕ್ಕ ಹೊಲಕೊಂಡಿದ್ದೆ. ಏನ್ ಮಾಡ್ಲಿ, ಸೂಜಿಗೆ ದಾರಿ ತೋರಿಸಿದಾಂವನೂ ನಾನ!